ಕಂಬಕ್ಕೆ ಕಟ್ಟಿದ ಬಾಳೆಕಂದು

ನ್ಯೂಟೌನ್, ಭದ್ರಾವತಿ
12-9-2005

ಪ್ರೀತಿಯ ಭವಾನಿ,

ಈ ಕವರು ತಲುಪಿತು ಎಂದು ಎರಡು ಸಾಲು ಬರೆದು ಮಂಜಪ್ಪನ ಕೈಯಲ್ಲೇ ಕಳಿಸು. ಫೋನ್ ಮಾಡಬೇಡ. ಬಾಣಂತಿ ಕಿವಿಗೆ ಫೋನ್ ಹಿಡಿದರೆ ಗಾಳಿ ಹೊಗುತ್ತದಂತೆ. ಅಮ್ಮ ನನ್ನ ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಾಳೆ. ಓದುವುದು, ಬರೆಯುವುದು ಕಣ್ಣಿಗೆ ಒಳ್ಳೆಯದಲ್ಲವಂತೆ. ಅವಳು ಒಗೆಯಲು ಹೋದಾಗ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವಿನ ಬಟ್ಟೆ ಗಂಟಿನ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನ ಅಟೆಂಡರ್ ಮಂಜಪ್ಪ ಇಲ್ಲೇ ಹಿಂದಿನ ಬೀದಿಯವನಾಗಿ, ದಿನಾ ಎಂಟರ ಬಸ್ಸಿಗೆ ಶಿವಮೊಗ್ಗಕ್ಕೆ ಬರುವುದು ನನ್ನ ಪುಣ್ಯ.

ಮದುವೆಯಾದ ಐದು ವರ್ಷದ ಮೇಲೆ ನೀನು ಮೊದಲ ಸಲ ಕೆಲಸಕ್ಕೆ ಹೊರಟಿದ್ದೀಯ. ನನ್ನ ರಜೆಗೆ ಯಾರನ್ನು ಹಾಕೋಣ ಎಂದು ಪ್ರಿನ್ಸಿಪಾಲರು ಕೇಳಿದಾಗ ನಿನ್ನ ಹೆಸರು ಹೇಳಿದವಳು ನಾನೇ. ಜನವರಿ ಎರಡಕ್ಕೆ ನಾನು ಬರುವವರೆಗೆ ಮಾತ್ರ, ಅದು ನೆನಪಿರಲಿ.

ಈಗ ಕೆಲಸದ ವಿಷಯ. ಕಾಲೇಜಿನ ಆವರಣಕ್ಕೆಲ್ಲ ತಂತಿಯಿಲ್ಲದೆ ಇಂಟರ್ನೆಟ್ ಕೊಡುವ ಉಪಕರಣ ಕೊಳ್ಳುತ್ತಿದ್ದಾರೆ. ಮೂರು ಕಂಪನಿಯವರು ಪರೀಕ್ಷೆಗೆಂದು ಒಂದೊಂದು ಡಬ್ಬ ಕೊಟ್ಟಿದ್ದಾರೆ: ಬಿಳಿಯದು, ಬೂದು ಬಣ್ಣದ್ದು, ಕಪ್ಪಿನದು. ಲೈಬ್ರರಿ ಮುಂದಿನ ಕಬ್ಬಿಣದ ಕಂಬಕ್ಕೆ ಒಂದಾದ ಮೇಲೆ ಒಂದನ್ನು ಅದೇ ಎತ್ತರಕ್ಕೆ ಕಟ್ಟಿಸು. ಆವರಣದಲ್ಲಿ ನಲವತ್ತು ಕಡೆ ಬಿಳಿ ಬಣ್ಣದಲ್ಲಿ ಗುರುತು ಹಾಕಿಸಿದ್ದೇನೆ. ಪ್ರತಿ ಗುರುತಿನ ಮೇಲೆ ನಿಂತು ಲ್ಯಾಪ್‌ಟಾಪನ್ನು ಸೊಂಟದ ಮಟ್ಟಕ್ಕೆ ಹಿಡಿದು ಅದು ತೋರಿಸುವ ಸಂಖ್ಯೆ ಬರೆದುಕೊ. ಎಲ್ಲವೂ ಮೈನಸ್‌ನಲ್ಲೇ ಬರುತ್ತದೆ. ಮೈನಸ್ ಅರವತ್ತು ಬಂದರೆ ಗಟ್ಟಿ, ಎಂಬತ್ತು ದಾಟಿದರೆ ಸತ್ತ ಹಾಗೆ. ಮಳೆ ಬಂದ ದಿನ ಅಳೆಯಬೇಡ, ಒದ್ದೆ ಎಲೆ ಸಿಗ್ನಲನ್ನು ಕುಡಿದುಬಿಡುತ್ತದೆ. ಡಬ್ಬದ ಮುಂದೆ ಹುಡುಗರ ಗುಂಪು ನಿಲ್ಲದ ಹಾಗೆ ನೋಡಿಕೊ, ಮನುಷ್ಯನ ಮೈಯೂ ಅರ್ಧಕ್ಕಿಂತ ಹೆಚ್ಚು ನೀರೇ. ನೀನು ಅಳೆದು ಕಳಿಸು, ನಾನು ಇಲ್ಲಿಂದ ಪಟ್ಟಿ ಮಾಡಿ ರಿಪೋರ್ಟ್ ಬರೆಯುತ್ತೇನೆ.

ಅಚ್ಚುಕಟ್ಟಾಗಿ ಮಾಡು ಮಾರಾಯ್ತಿ. ಡಿಸೆಂಬರಿನಲ್ಲಿ ಒಂದೇ ಒಂದು ಕಾಯಂ ಹುದ್ದೆಗೆ ಇಂಟರ್‌ವ್ಯೂ ಇದೆ. “ಈ ರಿಪೋರ್ಟ್ ನೋಡಿ ನಿಮ್ಮ ವಿಚಾರ ತೀರ್ಮಾನ ಮಾಡ್ತೀವಿ ಯಶೋಧರಾ” ಎಂದು ಪ್ರಿನ್ಸಿಪಾಲ್ ಷಡಕ್ಷರಪ್ಪನವರು ನನ್ನ ಸೀಮಂತದ ಊಟದಲ್ಲಿ ಪಾಯಸ ಕುಡಿಯುತ್ತಾ ಹೇಳಿದ್ದಾರೆ. ನಾಲ್ಕು ವರ್ಷದಿಂದ ತಾತ್ಕಾಲಿಕ ಎಂಬ ಪದವನ್ನು ಹೆಸರಿನ ಹಿಂದೆ ಹೊತ್ತು ತಿರುಗಿದ್ದೇನೆ.

ಕಾರ್ಖಾನೆಯ ಸೈರನ್ ಕೂಗಿತು, ಮಗು ಎದ್ದಿತು. ನಲವತ್ತೈದು ದಿನದಿಂದ ನಾನು ಒಟ್ಟಿಗೆ ಎರಡು ಗಂಟೆ ಮಲಗಿಲ್ಲ. ಮಲಗಿದರೂ ಎದ್ದು ಅದರ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ನಿನಗೇನು, ತಲೆದಿಂಬಿಗೆ ತಲೆ ಕೊಟ್ಟರೆ ಬೆಳಗ್ಗೆಯೇ ಎಚ್ಚರ. ಮಕ್ಕಳಿಲ್ಲದವರ ನಿದ್ದೆ.

ನಿನ್ನ
ಯಶು

*

ರಾಗಿಗುಡ್ಡ, ಶಿವಮೊಗ್ಗ
20-9-2005

ಯಶೂ,

ಬಿಳಿ ಡಬ್ಬದ ನಲವತ್ತು ಸಂಖ್ಯೆಗಳು ಇದರ ಜೊತೆ ಇವೆ. ಎರಡು ದಿನ ಬಿಸಿಲಿಗೆ ಕಾದು ಅಳೆದೆ. ಕ್ಯಾಂಟೀನಿನ ಹಿಂದೆ ಮೈನಸ್ ಎಂಬತ್ತನಾಲ್ಕು, ಲೇಡೀಸ್ ಹಾಸ್ಟೆಲ್ ಗೇಟಿನಲ್ಲಿ ಏನೂ ಇಲ್ಲ.

ನಾನು ಲ್ಯಾಪ್‌ಟಾಪನ್ನು ಹೊಟ್ಟೆಗೆ ಒತ್ತಿಕೊಂಡು ಒಂದೊಂದೇ ಹೆಜ್ಜೆ ಇಡುವುದನ್ನು ನೋಡಿ ಹುಡುಗಿಯರು ನಗುತ್ತಾರೆ. “ಮೇಡಂ, ಜೋಪಾನ, ಎಷ್ಟನೇ ತಿಂಗಳು?” ಎಂದಳು ಒಬ್ಬಳು. ನನಗೂ ನಗು ಬಂತು ಕಣೆ. ಆಮೇಲೆ ಲೈಬ್ರರಿಯ ಹಿಂದೆ ಹೋಗಿ ನಿಂತೆ.

ಅತ್ತೆ ಮೊದಲ ದಿನ ಬಾಗಿಲಲ್ಲೇ ಹಿಡಿದರು. “ಹೊರಗೆ ಹೋಗಿ ಏನು ಕಡೀತೀಯ? ಮನೇಲಿ ಆಗೋ ಕೆಲಸವೇ ಆಗಿಲ್ಲ ನಿನ್ನ ಕೈಲಿ.” ಯಾವ ಕೆಲಸ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಪರಮೇಶ್ ಪೇಪರ್ ಅಡ್ಡ ಹಿಡಿದುಕೊಂಡರು. ಆದರೂ ಸಂಜೆ ಬಂದಾಗ “ಎಷ್ಟು ಬಂತು ಸಿಗ್ನಲ್ಲು?” ಎಂದು ಪಿಸುಗುಟ್ಟಿದರು. ಮದುವೆಯಾದ ಐದು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು, ಸಾರಿಗೆ ಉಪ್ಪು ಹಾಕಿದೆಯಾ ಎಂಬುದನ್ನು ಬಿಟ್ಟರೆ.

ನಿನ್ನ ಕುರ್ಚಿಯ ಮೇಲಿನ ದಿಂಬು ಹಾಗೇ ಇದೆ. ನಾನು ಅದನ್ನು ತೆಗೆದಿಟ್ಟು ಕೂರುತ್ತೇನೆ. ಮಗುವಿಗೆ ನನ್ನ ಮುತ್ತು.

ಭವಾನಿ

*

ಭದ್ರಾವತಿ
24-9-2005

ಭವಾನಿ,

ಹದಿನೇಳನೇ ಜಾಗದ ಸಂಖ್ಯೆ ತಿದ್ದಿ ಬರೆದಿದ್ದೀಯ. ಅದು ಎಪ್ಪತ್ತೊಂದೋ ಎಪ್ಪತ್ತೇಳೋ? ಇಂಥ ಕಡೆ ಅಂದಾಜು ನಡೆಯುವುದಿಲ್ಲ. ಕೊನೆಯ ಪರೀಕ್ಷೆಯಲ್ಲೂ ಹೀಗೇ ತಿದ್ದಿ ತಿದ್ದಿ ಎರಡು ಅಂಕ ಕಳೆದುಕೊಂಡವಳು ನೀನು. ಬೂದು ಡಬ್ಬದಲ್ಲಾದರೂ ಒಂದೇ ಸಲಕ್ಕೆ ಬರೆ.

ಮಗುವಿಗೆ ಮಾನಸ ಎಂದು ಹೆಸರಿಡುತ್ತೇವೆ. ಪಿತೃಪಕ್ಷ ಕಳೆದು ದಸರಾ ಮುಗಿಯಲಿ ಎಂದು ಅಮ್ಮ ಅಕ್ಟೋಬರ್ 23ರ ಭಾನುವಾರ ಗೊತ್ತು ಮಾಡಿದ್ದಾಳೆ. ನೀನು ಬರಲೇಬೇಕು. ಒಂದು ಮಾತು, ತಪ್ಪು ತಿಳಿಯಬೇಡ. ತೊಟ್ಟಿಲಿಗೆ ಹಾಕುವುದು ಹನ್ನೊಂದಕ್ಕೆ. ನೀನು ಊಟದ ಹೊತ್ತಿಗೆ, ಒಂದೂವರೆ ಎರಡಕ್ಕೆ ಬಾ. “ಅವಳಿಗಿನ್ನೂ ಆಗಿಲ್ವಲ್ಲ, ಮಗು ಮೇಲೆ ಕಣ್ಣಾಗೋದು ಬೇಡ” ಎಂದಳು ಅಮ್ಮ. ನನಗೆ ಇಂಥದರಲ್ಲಿ ನಂಬಿಕೆಯಿಲ್ಲ ಎಂಬುದು ನಿನಗೆ ಗೊತ್ತು. ಆದರೆ ಬಾಣಂತನ ಮಾಡುವವಳು ಅವಳು, ನಾನೇನು ಹೇಳಲಿ. ನಂಬಿಕೆಯಿಲ್ಲ ಎನ್ನುತ್ತೇನೆ, ಮಗು ರಾತ್ರಿ ಸುಮ್ಮನೆ ಬೆಚ್ಚಿಬಿದ್ದರೆ ನಾನೂ ಉಪ್ಪು ಮೆಣಸಿನಕಾಯಿ ನೀವಾಳಿಸುತ್ತೇನೆ.

ಕುರ್ಚಿಯ ದಿಂಬು ಅಲ್ಲೇ ಇರಲಿ. ತೆಗೆದು ಎಲ್ಲಿಟ್ಟೆ?

ಯಶೋಧರಾ

*

ಶಿವಮೊಗ್ಗ
6-10-2005

ಪ್ರಿಯ ಯಶೂ,

ದಿಂಬು ನಿನ್ನ ಬೀರುವಿನಲ್ಲಿದೆ, ಬೀಗ ಹಾಕಿ. ಹದಿನೇಳನೆಯದು ಎಪ್ಪತ್ತೊಂದು. ಮತ್ತೆ ಹೋಗಿ ನೋಡಿಕೊಂಡು ಬಂದೆ. ಹೆಸರಿಡುವ ದಿನ ನೀನು ಹೇಳಿದ ಹೊತ್ತಿಗೇ ಬರುತ್ತೇನೆ.

ಬೂದು ಡಬ್ಬ ಬಿಳಿಯದಕ್ಕಿಂತ ಎಷ್ಟೋ ವಾಸಿ. ಸಂಖ್ಯೆಗಳನ್ನು ಇಟ್ಟಿದ್ದೇನೆ. ಶನಿವಾರ ಕಪ್ಪಿನದನ್ನು ಕಂಬಕ್ಕೆ ಹಾಕಿಸುತ್ತೇನೆ. ಅಷ್ಟರಲ್ಲಿ ದಸರಾ ರಜೆ ಬಂತು, ಉಳಿದದ್ದು ರಜೆಯ ಮೇಲೆ.

ಇನ್ನೊಂದು ವಿಷಯ. ಹೇಳಲೋ ಬೇಡವೋ ಎಂದು ಎರಡು ದಿನ ಕವರು ಅಂಟಿಸದೆ ಇಟ್ಟುಕೊಂಡಿದ್ದೆ. ಪ್ರಿನ್ಸಿಪಾಲರು ನನ್ನ ಪಾಠ ಕೇಳಲು ಬಂದಿದ್ದರು. ಹೊರಗೆ ಬಂದು, “ನೀವು ಇಷ್ಟು ದಿನ ಎಲ್ಲಿದ್ರಿ ಮಾರಾಯ್ತಿ? ಡಿಸೆಂಬರಿನ ಹುದ್ದೆಗೆ ನೀವೂ ಒಂದು ಅರ್ಜಿ ಹಾಕಿ” ಎಂದರು. ಅದು ನಿನಗೆ ಸೇರಬೇಕಾದ ಜಾಗ. ನಾನು ಸುಮ್ಮನೆ ತಲೆ ಆಡಿಸಿ ಬಂದೆ. ಜನವರಿಯ ಮೇಲೆ ಮಾತ್ರ ಮತ್ತೆ ಅದೇ ಅಡಿಗೆಮನೆಯ ಕಿಟಕಿ.

ಹಾಕಲಾ? ನೀನು ಬೇಡ ಎಂದರೆ ಹಾಕುವುದಿಲ್ಲ. ದೇವರಾಣೆ.

ಭವಾನಿ

*

ಭದ್ರಾವತಿ
8-10-2005

ಭವಾನಿ,

ಹಾಕು. ನಾನ್ಯಾಕೆ ಬೇಡ ಅನ್ನಲಿ? ಯೋಗ್ಯತೆ ಇದ್ದವರಿಗೆ ಸಿಗಲಿ.

ಯ.

*

ಶಿವಮೊಗ್ಗ
15-10-2005

ನನ್ನ ಯಶೂ,

ನಿನ್ನ ಒಂದು ಸಾಲಿನ ಕಾಗದವನ್ನು ಎಷ್ಟು ಸಲ ಓದಿದೆನೋ. ಕೋಪವಿಲ್ಲ ತಾನೆ? ಕೋಪವಿದ್ದರೆ ನೀನು ಹೀಗೆ ಬರೆಯುವವಳಲ್ಲ, ಎದುರಿಗೇ ಬಯ್ಯುವವಳು ಎಂದು ಸಮಾಧಾನ ಮಾಡಿಕೊಂಡು ಅರ್ಜಿ ಹಾಕಿದೆ.

ಕಾಲೇಜಿನಲ್ಲಿ ಆಯುಧಪೂಜೆ ಭರ್ಜರಿಯಾಯಿತು. ಹಬ್ಬ ಮಂಗಳವಾರ, ನಾವು ಸೋಮವಾರವೇ ಮಾಡಿಬಿಟ್ಟೆವು. ವರ್ಕ್‌ಶಾಪಿನ ಲೇತಿಗೆ, ಜನರೇಟರಿಗೆ, ಬಸ್ಸುಗಳಿಗೆಲ್ಲ ಪೂಜೆಯಾದ ಮೇಲೆ ಮಂಜಪ್ಪ ಬಂದು, “ಮೇಡಂ, ನಿಮ್ಮ ಡಬ್ಬ ಏನು ಪಾಪ ಮಾಡೈತೆ?” ಎಂದ. ಗಾಜನೂರಿನ ಅವನ ಭಾವನ ತೋಟದಿಂದ ಆಳೆತ್ತರದ ಬಾಳೆಕಂದು ತಂದಿದ್ದ. ಕಂಬದ ಎರಡೂ ಕಡೆ ಎರಡೆರಡು ಕಟ್ಟಿ, ನಡುವೆ ಡಬ್ಬದ ಸುತ್ತ ಚೆಂಡುಹೂವಿನ ಹಾರ ಸುತ್ತಿದ. ಕರಿ ಡಬ್ಬ, ಹಳದಿ ಹೂವು, ಮೇಲೆ ಒಂದು ಬೊಟ್ಟು ಕುಂಕುಮ. ನೀನು ನೋಡಬೇಕಿತ್ತು. ಫೋಟೋದ ಪ್ರತಿ ಇಟ್ಟಿದ್ದೇನೆ. ಕಂಬದ ಪಕ್ಕ ಹಸಿರು ಸೀರೆಯಲ್ಲಿ ಹಲ್ಲು ಬಿಟ್ಟುಕೊಂಡು ನಿಂತವಳು ನಾನೇ. ಮಂಗಳಾರತಿ ತಟ್ಟೆಯನ್ನು ಪ್ರಿನ್ಸಿಪಾಲರು ನನ್ನ ಕೈಗೇ ಕೊಟ್ಟರು. ನಮ್ಮ ಮನೆಯಲ್ಲಿ ಅತ್ತೆ ನನಗೆ ಆರತಿ ಎತ್ತಲು ಬಿಟ್ಟು ಎರಡು ವರ್ಷವಾಯಿತು.

ಗುರುವಾರ, ಶುಕ್ರವಾರ ನಲವತ್ತೂ ಜಾಗ ಅಳೆದೆ. ಸೋಜಿಗ ಏನು ಗೊತ್ತಾ? ಶನಿವಾರ ಡಬ್ಬ ಕಟ್ಟಿದ ಕೂಡಲೇ ಸುಮ್ಮನೆ ಹತ್ತು ಕಡೆ ನೋಡಿದ್ದೆ, ಮೂರರಲ್ಲಿ ಅದೇ ರಾಜ. ಈಗ ನೋಡಿದರೆ ಬಿಳಿಯದಕ್ಕಿಂತಲೂ ಕಡೆ. ಐದು ದಿನದಲ್ಲಿ ಸುಸ್ತಾಗುವ ಡಬ್ಬವನ್ನು ಕಟ್ಟಿಕೊಂಡು ಏನು ಮಾಡುವುದು? ಆದರೂ ಮನಸ್ಸಿನಲ್ಲಿ ಒಂದು ಮುಳ್ಳು. ಕಂಪನಿಯವರು ಮಂಗಳವಾರ ಬಂದು ಬಿಚ್ಚಿಕೊಂಡು ಹೋಗುತ್ತಾರೆ. ಸೋಮವಾರ ಒಂದು ದಿನವಿದೆ. ಇನ್ನೊಮ್ಮೆ ಅಳೆಯಲಾ? ನೀನು ಹೇಳಿದ ಹಾಗೆ ಮಾಡುತ್ತೇನೆ. ಎರಡೂ ಪಟ್ಟಿ ಇಟ್ಟಿದ್ದೇನೆ, ಶನಿವಾರದ್ದು ಮತ್ತು ಈಗಿನದ್ದು.

ನಿನ್ನ ಭವಾನಿ

*

ಭದ್ರಾವತಿ
17-10-2005, ಸೋಮವಾರ, ಬೆಳಗ್ಗೆ ಏಳು

ಪ್ರೀತಿಯ ಭವಾನಿ,

ಮತ್ತೆ ಅಳೆಯಬೇಡ. ಮೂರೂ ಡಬ್ಬಕ್ಕೆ ಎರಡೆರಡು ದಿನ ಎಂದು ನಿಯಮ ಮಾಡಿದ ಮೇಲೆ ಒಂದಕ್ಕೆ ಮಾತ್ರ ಮೂರನೆಯ ದಿನ ಕೊಟ್ಟರೆ ಪಕ್ಷಪಾತವಾಗುತ್ತದೆ. ಶನಿವಾರ ನೀನು ಸುಮ್ಮನೆ ನೋಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಹೊಸ ಡಬ್ಬ ಮೊದಲ ದಿನ ಹಾರಾಡುವುದು ಇದ್ದದ್ದೇ.

ಶನಿವಾರ ನಿನ್ನ ಕವರು ಬಂದಾಗಿನಿಂದ ಕೂತು ರಿಪೋರ್ಟ್ ಪೂರ್ತಿ ಬರೆದು ಮುಗಿಸಿದೆ. ಬೂದು ಡಬ್ಬ ಮೊದಲು, ಬಿಳಿ ಎರಡನೆಯದು, ಕಪ್ಪು ಕೊನೆ. ನೀನು ಟೈಪ್ ಮಾಡಿಸಿ ಕೊಟ್ಟರೆ ಆಯಿತು. ಕೆಳಗೆ ನಿನ್ನ ಹೆಸರು ಮಾತ್ರ ಹಾಕು. ನಾನು ಯೋಚಿಸಿಯೇ ಹೇಳುತ್ತಿದ್ದೇನೆ. ಬಿಸಿಲಲ್ಲಿ ನಡೆದವಳು ನೀನು. ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಕುಡಿಯುತ್ತಾ ಕೂಡಿ ಕಳೆದವಳ ಹೆಸರು ಯಾಕೆ? ಇಂಟರ್‌ವ್ಯೂನಲ್ಲಿ ನಿನಗೆ ಅನುಕೂಲವಾಗುತ್ತದೆ. ನನಗೆ ನಾಲ್ಕು ವರ್ಷದ ಅನುಭವವಿದೆ, ನಡೆಯುತ್ತದೆ.

ಫೋಟೋ ಚೆನ್ನಾಗಿದೆ. ಹಸಿರು ಸೀರೆ ನಿನಗೆ ಒಪ್ಪುತ್ತದೆ.

ಮಗು ರಾತ್ರಿಯೆಲ್ಲ ತೊಡೆಯ ಮೇಲೇ ಇತ್ತು. ಕೆಳಗಿಟ್ಟರೆ ಕಿರುಚುತ್ತದೆ. “ಎಂತಾ ಬರೀತಿದ್ದೀಯೇ, ಹಾಲು ಒಣಗಿಹೋಗ್ತದೆ” ಎಂದು ಅಮ್ಮ ಬಾಗಿಲಿಂದ ಬಯ್ಯುತ್ತಿದ್ದಾಳೆ. ಮಂಜಪ್ಪ ಹೊರಗೆ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾನೆ. ನೀನು ಕಳಿಸಿದ ಹಾಳೆಗಳನ್ನೆಲ್ಲ ಒಟ್ಟಿಗೆ ಕಟ್ಟಿ ಇದರಲ್ಲೇ ತುರುಕಿದ್ದೇನೆ, ನನ್ನ ಹತ್ತಿರ ಯಾವುದೂ ಉಳಿಯುವುದು ಬೇಡ. ಫೈಲಿನಲ್ಲಿ ಹಾಗೇ ಇಟ್ಟುಬಿಡು.

ಪ್ರೀತಿಯಿಂದ
ಯಶು

*

ಶಿವಮೊಗ್ಗ
29-10-2005

ಯಶೂ,

ಕಮಿಟಿಯ ಮುಂದೆ ರಿಪೋರ್ಟ್ ಓದಿದೆ. ಒಂದು ಪ್ರಶ್ನೆಯೂ ಬರಲಿಲ್ಲ. ಬೂದು ಡಬ್ಬಕ್ಕೆ ಆರ್ಡರ್ ಕೊಡುತ್ತಾರೆ. ನನ್ನ ಹೆಸರು ಟೈಪ್ ಆಗಿ ಒಂದು ಹಾಳೆಯ ಕೆಳಗೆ ಬಂದದ್ದನ್ನು ಮದುವೆಯ ಕರೆಯೋಲೆಯಾದ ಮೇಲೆ ಈಗಲೇ ನೋಡಿದ್ದು. ಪರಮೇಶ್ ಅದರ ಜೆರಾಕ್ಸ್ ಮಾಡಿಸಿ ಟೀವಿ ಮೇಲೆ ಇಟ್ಟಿದ್ದಾರೆ. ಅತ್ತೆ ಧೂಳು ಒರೆಸುವಾಗ ಅದನ್ನೂ ಒರೆಸಿದರು.

ಮಾನಸ ನಿನ್ನ ಹಾಗೇ ಹಣೆ ಗಂಟಿಕ್ಕುತ್ತಾಳೆ. ಬಾಗಿಲಿಂದಲೇ ನೋಡಿದೆ. ಊಟ ಚೆನ್ನಾಗಿತ್ತು ಎಂದು ಅಮ್ಮನಿಗೆ ಹೇಳು. ನೀನು ಸೊರಗಿದ್ದೀಯ, ನನ್ನ ಮುಖ ನೋಡಿ ಮಾತಾಡಲೇ ಇಲ್ಲ. ನಿದ್ದೆಗೆಟ್ಟವರು ಹಾಗೇ ಎಂದುಕೊಂಡೆ.

ನಿನ್ನ ಜಾಗಕ್ಕೆ ಅರ್ಜಿ ಹಾಕಿದವಳಿಗೆ ನಿನ್ನ ಕೆಲಸವನ್ನೇ ಎತ್ತಿ ಕೊಟ್ಟೆ. ಇಂಥದ್ದನ್ನು ಒಡಹುಟ್ಟಿದವರೂ ಮಾಡುವುದಿಲ್ಲ. ಆಯುಧಪೂಜೆಯ ಫೋಟೋವನ್ನು ಪ್ರಿನ್ಸಿಪಾಲರು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಿದ್ದಾರೆ. ಒಳಗೆ ಹೋದಾಗಲೆಲ್ಲ ನನಗೆ ನಾನೇ ಕಾಣುತ್ತೇನೆ, ನಾಚಿಕೆಯಾಗುತ್ತದೆ.

ಸದಾ ನಿನ್ನ
ಭವಾನಿ

*

ಭದ್ರಾವತಿ
28-11-2005

ಭವಾನಿ,

ಮಂಜಪ್ಪ ಬಂದು ಎಲ್ಲ ಹೇಳಿದ. ಹೇಳುವಾಗ ಅತ್ತ. ಅದಕ್ಕಿಂತ ಮುಂಚೆ ಪ್ರಿನ್ಸಿಪಾಲರೇ ಅಪ್ಪನ ಫೋನಿಗೆ ಮಾಡಿದ್ದರು. ಅಮ್ಮ ಮೊದಲ ಸಲ ನನ್ನ ಕಿವಿಯ ಹತ್ತಿ ತೆಗೆದು ಫೋನ್ ಕೊಟ್ಟಳು.

ಏನಾಗಿಹೋಯಿತು ಭವಾನಿ. ಮಳೆ ಬಂದ ದಿನ ಅಳೆಯಬೇಡ, ಒದ್ದೆ ಎಲೆ ಸಿಗ್ನಲ್ ಕುಡಿಯುತ್ತದೆ ಎಂದು ಮೊದಲ ಕಾಗದದಲ್ಲೇ ಬರೆದಿದ್ದೆನಲ್ಲ? ಬಾಳೆಕಂದು ಎಂದರೆ ನಿಂತ ನೀರಿನ ಕೊಡ. ನಾಲ್ಕು ಕೊಡ ನೀರಿನ ನಡುವೆ ಡಬ್ಬ ಇಟ್ಟು ಅಳೆದಿದ್ದೀಯ. ಬಿ.ಇ. ಓದಿದವಳಿಗೆ ಹೊಳೆಯಬೇಡವೇ? ಬಯ್ಯುವುದಕ್ಕೆ ಬರೆಯುತ್ತಿಲ್ಲ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿತ್ತೇ ಎಂದು ಪ್ರಿನ್ಸಿಪಾಲರು ಕೇಳಿದರು. ಬಾಣಂತಿ ಕೋಣೆಯಲ್ಲಿದ್ದವಳಿಗೆ ಕಂಬಕ್ಕೆ ಏನು ಕಟ್ಟಿದ್ದಾರೆಂದು ಹೇಗೆ ಗೊತ್ತಾಗಬೇಕು ಸಾರ್, ಅವಳು ಕಳಿಸಿದ ಸಂಖ್ಯೆಗಳನ್ನು ಓರಣ ಮಾಡಿ ಕೊಟ್ಟೆ ಅಷ್ಟೆ ಎಂದೆ. ಬೇರೆ ಏನು ಹೇಳಲಿ ನೀನೇ ಹೇಳು. ನಿನ್ನ ಪರವಾಗಿಯೂ ಎರಡು ಮಾತು ಆಡಿದೆ. ಅನುಭವ ಇಲ್ಲದವಳು, ಮನೆಯಲ್ಲೂ ಸುಖವಿಲ್ಲ, ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ ಎಂದೆ.

ಧೈರ್ಯವಾಗಿರು. ಹಳೆಯ ಹಾಳೆಗಳೇನಾದರೂ ನಿನ್ನ ಹತ್ತಿರ ಉಳಿದಿದ್ದರೆ ಹರಿದುಹಾಕು, ಸುಮ್ಮನೆ ಕಣ್ಣೆದುರು ಇದ್ದರೆ ಮನಸ್ಸಿಗೆ ಬೇಜಾರು.

ಯಶೋಧರಾ

*

ರಾಗಿಗುಡ್ಡ
19-12-2005

ಯಶೋಧರಾ,

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಮಂಜಪ್ಪನನ್ನು ಹಾಸ್ಟೆಲಿನ ಕಾವಲಿಗೆ ಹಾಕಿದ್ದಾರೆ, ರಾತ್ರಿ ಪಾಳಿ. “ಒಳ್ಳೇದಾಗ್ಲಿ ಅಂತ ಕಟ್ಟಿದ್ದು ಮೇಡಂ” ಎಂದು ಈಗಲೂ ಎದುರು ಸಿಕ್ಕವರಿಗೆಲ್ಲ ಹೇಳುತ್ತಾನೆ.

ಅವನು ನಿನಗೆ ಎಷ್ಟು ಹೇಳಿದನೋ ಗೊತ್ತಿಲ್ಲ. ನಾನೇ ಹೇಳುತ್ತೇನೆ. ಕಪ್ಪು ಡಬ್ಬದ ಕಂಪನಿಯಿಂದ ತ್ರಿವಿಕ್ರಮ ಎಂಬ ಇಂಜಿನಿಯರ್ ಬಂದಿದ್ದ, ನಮ್ಮದೇಕೆ ಬೇಡವಾಯಿತು ಎಂದು ಕೇಳಿಕೊಂಡು. ಪ್ರಿನ್ಸಿಪಾಲರು ಕಾಫಿ ತರಿಸಿ ನನ್ನನ್ನೂ ಕರೆಸಿದರು. ಅವನು ಕಾಫಿ ಕುಡಿಯುತ್ತಾ ಗೋಡೆಯ ಕಡೆ ನೋಡಿದ.

“ಸಾರ್, ಆ ಹೂವಿನೊಳಗೆ ಇರೋದು ನಮ್ಮ ಡಬ್ಬ ಅಲ್ವಾ?”

“ಹೌದ್ರೀ, ನಿಮ್ಮದಕ್ಕೂ ಪೂಜೆ ಮಾಡಿದ್ವಿ. ಹ್ಯಾಗಿದೆ ಅಲಂಕಾರ?”

“ಬಹಳ ಚೆನ್ನಾಗಿದೆ ಸಾರ್. ಮೇಡಂ, ಅದನ್ನ ಬಿಚ್ಚಿ ಅಳೆದ್ರೋ, ಕಟ್ಟಿಕೊಂಡೇ ಅಳೆದ್ರೋ?”

ನನಗೆ ಆಗಲೂ ಹೊಳೆದಿರಲಿಲ್ಲ. “ದೇವರಿಗೆ ಕಟ್ಟಿದ್ದನ್ನ ತಾನಾಗಿ ಬಾಡೋವರೆಗೆ ಬಿಚ್ಚಬಾರದಲ್ಲ ಸಾರ್” ಎಂದೆ. ಮಳೆಯ ಒದ್ದೆ ಎಂದು ನೀನು ಬರೆದದ್ದು ನೆನಪಿತ್ತು. ಪೂಜೆಗೆ ಕಟ್ಟಿದ್ದನ್ನು ಅಡ್ಡ ಎಂದು ಯಾರಾದರೂ ಎಣಿಸುತ್ತಾರಾ? ನಲವತ್ತು ಜನ ಮೇಷ್ಟ್ರು ಆ ಫೋಟೋದಲ್ಲಿ ನಿಂತಿದ್ದರು, ಅವರಲ್ಲಿ ಹನ್ನೆರಡು ಜನ ಎಲೆಕ್ಟ್ರಾನಿಕ್ಸಿನವರು. ಒಬ್ಬರಿಗೂ ಹೊಳೆಯಲಿಲ್ಲ.

ತ್ರಿವಿಕ್ರಮ ಕಾಫಿ ಲೋಟ ಕೆಳಗಿಟ್ಟು ನಕ್ಕ. ಕೆಟ್ಟ ನಗುವಲ್ಲ, ತಡೆಯಲಾಗದ್ದು. ಪ್ರಿನ್ಸಿಪಾಲರು ಅವನ ಜೊತೆ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ತಿರುಗಿದರು. “ಯಶೋಧರಾ ಇದ್ದಿದ್ರೆ ಹಿಂಗಾಗ್ತಿರಲಿಲ್ಲ” ಎಂದರು. ಮಾರನೆಯ ದಿನ ಅದೇ ಡಬ್ಬವನ್ನು ಬರಿಯ ಕಂಬಕ್ಕೆ ಕಟ್ಟಿ ಅಳೆದು ತೋರಿಸಿದರು. ನಲವತ್ತರಲ್ಲಿ ಮೂವತ್ತೇಳು ಕಡೆ ಅದೇ ಮೊದಲು. ಅಳೆಯುವವರ ಹಿಂದೆ ಹುಡುಗರು ಬಾಳೆಲೆ ಹಿಡಿದುಕೊಂಡು ಮೆರವಣಿಗೆ ಬಂದರು. ನನಗೆ ಬಾಳೆ ಮೇಡಂ ಎಂದು ಹೆಸರಿಟ್ಟಿದ್ದಾರೆ. ಸವಳಂಗ ರಸ್ತೆಯಲ್ಲಿ ತರಕಾರಿ ಕೊಳ್ಳುವಾಗಲೂ ಹಿಂದಿನಿಂದ ಕೂಗುತ್ತಾರೆ.

ಜನವರಿವರೆಗೆ ಕಾಯಬೇಕಾಗಿಲ್ಲ, ನಾಳೆಯಿಂದಲೇ ಬರಬೇಡಿ ಎಂದರು. ನನ್ನ ಅರ್ಜಿಯನ್ನು ನಾನೇ ವಾಪಸ್ಸು ತೆಗೆದುಕೊಂಡೆ ಎಂದು ಬರೆಸಿಕೊಂಡರು. ಅತ್ತೆ ಟೀವಿ ಮೇಲಿನ ಜೆರಾಕ್ಸನ್ನು ತೆಗೆದು ಅದರಲ್ಲಿ ಕರಿಬೇವು ಕಟ್ಟಿಟ್ಟರು. ಪರಮೇಶ್ ಮತ್ತೆ ಪೇಪರ್ ಅಡ್ಡ ಹಿಡಿದಿದ್ದಾರೆ.

ಈಗ ನಿನಗೆ ಬೇಕಾದ ವಿಷಯ.

ಫೈಲು ಒಪ್ಪಿಸಿ ಹೋಗಿ ಎಂದು ಹದಿನಾಲ್ಕನೇ ತಾರೀಕು ಕರೆದಿದ್ದರು. ಹಿಂದಿನ ದಿನ ಮನೆಯಲ್ಲಿ ನೀನು ವಾಪಸ್ಸು ಕಳಿಸಿದ ಹಾಳೆಗಳ ಕಟ್ಟು ಬಿಚ್ಚಿದೆ. ನಡುವೆ ನಾನು ಕಳಿಸಿದ ಫೋಟೋ ಇತ್ತು. ತಿರುಗಿಸಿ ನೋಡಿದೆ. ಪೆನ್ಸಿಲಿನಲ್ಲಿ, ನಿನ್ನ ಕೈಬರಹ:

ಶನಿವಾರ ಸರಾಸರಿ −61
ಪೂಜೆಯ ಮೇಲೆ −76
ಬಾಳೆ + ಹೂವು = 15 ನಷ್ಟ
ಬಿಚ್ಚಿದರೆ ಕಪ್ಪು ಮೊದಲು

ಅದರ ಮೇಲೆ ಒಂದು ಹನಿ ಹಾಲಿನ ಕಲೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂಡಿದ್ದೀಯ. ಕೂಡಿ ಮುಗಿಸಿ ಹಾಳೆ ಬದಲಿಸಿ, “ಮತ್ತೆ ಅಳೆಯಬೇಡ” ಎಂದು ನನಗೆ ಬರೆದಿದ್ದೀಯ. “ಹಸಿರು ಸೀರೆ ಒಪ್ಪುತ್ತದೆ” ಎಂದು ಬರೆದಿದ್ದೀಯ.

ಹದಿನಾಲ್ಕನೇ ತಾರೀಕು ಆ ಫೋಟೋ ಚೀಲದಲ್ಲಿ ಇಟ್ಟುಕೊಂಡೇ ಹೋದೆ. ಒಳಗೆ ನಿನ್ನ ಇಂಟರ್‌ವ್ಯೂ ನಡೆಯುತ್ತಿತ್ತು. ಹೊರಗೆ ಬೆಂಚಿನ ಮೇಲೆ ನಿನ್ನ ಗಂಡ ಕಾಂತರಾಜ್, ಕಿರುಚುತ್ತಿದ್ದ ಮಗುವನ್ನು ಎತ್ತಿಕೊಂಡು ಬೆವರುತ್ತಿದ್ದರು. “ಭವಾನಿಯವರೇ, ಒಂದು ನಿಮಿಷ ಹಿಡ್ಕೋತೀರಾ, ಬಿಸಿನೀರು ತರ್ತೀನಿ” ಎಂದು ನನ್ನ ಕೈಗೆ ಹಾಕಿ ಕ್ಯಾಂಟೀನಿಗೆ ಹೋದರು. ಅವರಿಗೆ ನಿಮ್ಮ ಮನೆಯ ಕಣ್ಣಾಗುವ ಲೆಕ್ಕಾಚಾರ ಗೊತ್ತಿಲ್ಲ, ಪಾಪ.

ಮಾನಸ ನನ್ನ ಹೆಗಲ ಮೇಲೆ ಬಾಯಿ ಇಟ್ಟಳು. ಎರಡು ನಿಮಿಷಕ್ಕೆ ಮಲಗಿದಳು. ನೀನು ಕಾಗದ ಕಾಗದದಲ್ಲೂ ಬರೆಯುತ್ತಿದ್ದ ನಿದ್ದೆ ಬಾರದ ಮಗು ಅದು. ಅದರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು, ಫೋಟೋ ಬಗಲಿನ ಚೀಲದಲ್ಲಿತ್ತು, ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಒಳಗೆ ಯಾರೋ ನಗುವುದು ಕೇಳಿಸಿತು, ಆಮೇಲೆ ನೀನು.

ನಾನು ಹೋಗಲಿಲ್ಲ. ಮಗುವಿನ ಮುಖ ನೋಡಿ ಕರಗಿದೆ ಎಂದುಕೊಳ್ಳಬೇಡ. ಆ ದಿನ ತೋರಿಸಿದ್ದರೆ ನಿನಗೆ ಒಂದು ದಿನದ ಅವಮಾನವಾಗಿ ಮುಗಿಯುತ್ತಿತ್ತು, ನನಗಾದ ಹಾಗೆ. ಅಷ್ಟು ಸಲೀಸಾಗಿ ಮುಗಿಯುವುದು ನನಗೆ ಬೇಡವೆನಿಸಿತು.

ಕೆಲಸ ನಿನಗಾಯಿತು ಎಂದು ಕೇಳಿದೆ. ಹೋಗು, ಕೂತುಕೊ. ದಿಂಬು ಬೀರುವಿನಲ್ಲಿದೆ, ಬೀಗದ ಕೈ ಮೇಜಿನ ಎರಡನೆಯ ಡ್ರಾಯರಿನಲ್ಲಿ. ಫೋಟೋ ನಮ್ಮ ದೇವರ ಗೂಡಿನಲ್ಲಿ ಇದೆ. ಯಾರಿಗೂ ತೋರಿಸಿಲ್ಲ. ಹರಿಯುವುದೂ ಇಲ್ಲ. ನಿನಗೆ ಕೊಡುವುದೂ ಇಲ್ಲ. ಯಾವತ್ತು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ನೀನು ಬರೆದದ್ದು ನಿಜ. ತಲೆದಿಂಬಿಗೆ ತಲೆ ಕೊಟ್ಟರೆ ನನಗೆ ಬೆಳಗ್ಗೆಯೇ ಎಚ್ಚರ.

ಭವಾನಿ

*

ಸವಳಂಗ ರಸ್ತೆ, ಶಿವಮೊಗ್ಗ
6-3-2006

ಪ್ರೀತಿಯ ಭವಾನಿ,

ಇದು ನಾಲ್ಕನೆಯ ಕಾಗದ. ಮೂರಕ್ಕೂ ನಿನ್ನಿಂದ ಉತ್ತರವಿಲ್ಲ. ಎರಡು ಸಲ ರಾಗಿಗುಡ್ಡಕ್ಕೂ ಬಂದಿದ್ದೆ. “ಅವಳು ಮಲಗಿದ್ದಾಳೆ” ಎಂದರು ನಿನ್ನ ಅತ್ತೆ ಪ್ರೇಮಮ್ಮನವರು, ಎರಡು ಸಲವೂ. ಹಗಲು ಹನ್ನೊಂದು ಗಂಟೆಗೆ. ಅವರ ಹಿಂದೆ ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಅವರ ಜೊತೆ ಮಾತಾಡುತ್ತಾ ನಾನು ಅದನ್ನೇ ನೋಡುತ್ತಿದ್ದೆ.

ಕಾಲೇಜಿನಲ್ಲಿ ಎಲ್ಲ ಕಂಬಗಳಿಗೂ ಕಪ್ಪು ಡಬ್ಬ ಬಂದಿವೆ. ಕ್ಯಾಂಟೀನಿನ ಹಿಂದೆಯೂ ಸಿಗುತ್ತದೆ. ನೀನು ನಿಂತು ಅಳೆದ ನಲವತ್ತು ಗುರುತುಗಳ ಮೇಲೆ ದಿನಾ ನಡೆಯುತ್ತೇನೆ, ಬಣ್ಣ ಇನ್ನೂ ಹೋಗಿಲ್ಲ. ಪ್ರಿನ್ಸಿಪಾಲರು ಕರೆದಾಗಲೆಲ್ಲ ಇವತ್ತೇ ಹೊರಬಿತ್ತು ಎಂದುಕೊಂಡು ಒಳಗೆ ಹೋಗುತ್ತೇನೆ. ಅವರು ಹಾಜರಿ ಪುಸ್ತಕದ ವಿಷಯ ಮಾತಾಡುತ್ತಾರೆ. ಗೋಡೆಯ ಮೇಲಿದ್ದ ಫೋಟೋ ತೆಗೆಸಿದ್ದಾರೆ. ಮೊಳೆ ಮಾತ್ರ ಇದೆ.

ಮಾನಸಳಿಗೆ ಏಳು ತಿಂಗಳು. ಕೂರುತ್ತಾಳೆ. ಹಲ್ಲು ಎರಡು ಬಂದಿವೆ. ರಾತ್ರಿ ಅವಳು ಈಗ ಮಲಗುತ್ತಾಳೆ ಕಣೆ. ನಾನೇ ಎದ್ದು ಕೂತಿರುತ್ತೇನೆ.

ನಾನು ಮಾಡಿದ್ದನ್ನು ಮಾಡಿಲ್ಲ ಎನ್ನುವುದಿಲ್ಲ. ಒಂದು ಮಾತು ಹೇಳುತ್ತೇನೆ, ಇಷ್ಟು ದಿನ ಹೇಳಬೇಕಾಗಿದ್ದ ಮಾತು. ಬರುವ ಭಾನುವಾರ ಮನೆಗೆ ಬಾ. ಮಗು ನೋಡಿಕೊಳ್ಳಲು ಇಲ್ಲಿಗೆ ಬಂದಿರುವ ಅಮ್ಮ ಆವತ್ತು ಭದ್ರಾವತಿಗೆ ಹೋಗಿರುತ್ತಾಳೆ, ಕಾಂತರಾಜ್‌ರನ್ನೂ ಹೊರಗೆ ಕಳಿಸುತ್ತೇನೆ. ಊಟದ ಹೊತ್ತಿಗಲ್ಲ, ಬೆಳಗ್ಗೆಯೇ ಬಾ. ಮಗುವಿಗೆ ನೀನೇ ನೀರು ಹಾಕು, ಹಾಲು ಕುಡಿಸು, ಹೆಗಲ ಮೇಲೆ ಮಲಗಿಸಿಕೊ. ಸಂಜೆವರೆಗೂ ನಿನ್ನ ಹತ್ತಿರವೇ ಇಟ್ಟುಕೊ, ನಾನು ನಡುವೆ ಬರುವುದಿಲ್ಲ. ಆವತ್ತು ನಿನ್ನ ಹೆಗಲ ಮೇಲೆ ಮಲಗಿದ ಹಾಗೆ ಅವಳು ನನ್ನ ಹೆಗಲ ಮೇಲೆ ಇವತ್ತಿನವರೆಗೂ ಮಲಗಿಲ್ಲ. ಕಣ್ಣು ಗಿಣ್ಣು ಎಲ್ಲ ಸುಳ್ಳು, ನನಗೆ ಯಾವತ್ತೂ ನಂಬಿಕೆ ಇರಲಿಲ್ಲ.

ಭಾನುವಾರ ಮಾತ್ರವಲ್ಲ, ಬೇಕೆಂದಾಗಲೆಲ್ಲ ಬಂದು ಎತ್ತಿಕೊ.

ಬರುವಾಗ ಆ ಫೋಟೋ ತಾ.

ನಿನ್ನ
ಯಶು